ಏಳೂಕಾಲು

ವೀರಭದ್ರಾಚಾರ್ ಮೇಷ್ಟ್ರಿಗೆ ಎರಡೇ ಕಿವಿ ಎಂದು
ನಾವ್ಯಾರೂ ನಂಬಿರಲಿಲ್ಲ.
ಒಳಗೆ ಕುಕ್ಕರ್ ಕೂಗಿದರೆ ಮೂರನೆಯದೊಂದು ಎದ್ದು ಹೋಗಿ
ಯಾವ ಸ್ವರವೆಂದು ಕೇಳಿಕೊಂಡು ಬರುತ್ತಿತ್ತು.

ದೂರವಾಣಿನಗರದ ಕ್ವಾರ್ಟರ್ಸು. ಬೆಳಗಿನ ಐದೂವರೆ.
ಮೂವತ್ತು ವರ್ಷ ಟೆಲಿಫೋನಿನ ಹೊಟ್ಟೆಗೆ
ಸಾಲ್ಡರ್ ಇಟ್ಟು ಬಂದ ಕೈ
ತನ್ನದೇ ತೊಡೆಯ ಮೇಲೆ ನಮ್ಮನ್ನು ಕಾಯುತ್ತಿತ್ತು:
ಏಟು, ಕಿರುಬೆರಳು, ಉಂಗುರ, ನಡು,
ಏಟು, ಬೀಸು, ಏಟು, ಬೀಸು.
ಎಂಟು ಕಂಬದ ಮನೆ.
ಒಂಬತ್ತನೆಯದಕ್ಕೆ ಕೈ ಚಾಚಿದರೆ ಗೋಡೆ.

ಒಮ್ಮೆ ಕರೆಂಟು ಹೋಯಿತು.
ಶ್ರುತಿಪೆಟ್ಟಿಗೆಯ ಸೆಲ್ಲು ಸಾಯುತ್ತ ಬಂದು
ಷಡ್ಜ ಮೆಲ್ಲಗೆ ಜಾರತೊಡಗಿತು,
ಬಾವಿಗೆ ಬಿಟ್ಟ ಕೊಡದ ಹಾಗೆ, ಹಗ್ಗ ಮುಗಿಯದೆ.
"ನಿಲ್ಲಿಸು" ಎಂದರು ಮೇಷ್ಟ್ರು.
ನಾನು ನಿಲ್ಲಿಸಿದೆ. ಪೆಟ್ಟಿಗೆ ನಿಲ್ಲಿಸಲಿಲ್ಲ.
ಅದರ ಜೊತೆ ನಾನೂ ಇಳಿದಿದ್ದರೆ?
ಆಗ ನನಗೆ ಒಂಬತ್ತು ವರ್ಷ.
ಕೇಳಲು ಧೈರ್ಯವಾಗದೆ
ಪೆನ್ಸಿಲ್ ಡಬ್ಬಿಯೊಳಗೆ ಮುಚ್ಚಿಟ್ಟೆ.

ಇಪ್ಪತ್ತಾರಕ್ಕೆ, ಎಸ್ಪಿ ರೋಡಿನಲ್ಲಿ
ಮೂಲೆ ಒಡೆದ ರೆಕಾರ್ಡರ್ ಸಿಕ್ಕಿತು,
ಚೌಕಾಸಿ ಮಾಡಿ ಆರುನೂರಕ್ಕೆ.
ನನ್ನದೇ ತೋಡಿಯನ್ನು ಹಿಡಿದು ಲ್ಯಾಪ್‌ಟಾಪಿಗೆ ಇಳಿಸಿದೆ,
ಗಾಂಧಾರವನ್ನು ನಲವತ್ತು ಪಟ್ಟು ಎಳೆದೆ.
ತೆರೆಯ ಮೇಲೆ ಒಂದು ಗೆರೆ:
ರಿಷಭದ ನೆತ್ತಿ ಸವರಿ, ಮಧ್ಯಮದ ಹೊಸ್ತಿಲು ತಟ್ಟಿ,
ಮತ್ತೆ ಕೆಳಗೆ, ಮತ್ತೆ ಮೇಲೆ.
ಗಾಂಧಾರವೆಂದು ಬೋರ್ಡು ಹಾಕಿದ ಜಾಗದಲ್ಲಿ
ಗಾಂಧಾರ ಒಂದು ಗಳಿಗೆಯೂ ನಿಂತಿಲ್ಲ!
ಇಷ್ಟು ವರ್ಷ ಬೈಸಿಕೊಂಡು ಕಲಿತದ್ದು ಹಾಗಾದರೆ
ಇದನ್ನೇ. ಹೇಳಿದ ವಿಳಾಸದಲ್ಲಿ
ಇರದಿರುವುದನ್ನು.

ಆಮೇಲೆ ಕೈ ನಿಲ್ಲಲಿಲ್ಲ.
ಮೆಟ್ರೊ ಬಾಗಿಲಿನ ಪಿಂಯ್ ಪಿಂಯ್,
ಬೆನ್ನಿಗಾನಹಳ್ಳಿಯಲ್ಲಿ ಲಾರಿ ಬಿಟ್ಟ ಗಾಳಿ,
ಟಿನ್ ಫ್ಯಾಕ್ಟರಿ ಸ್ಟಾಪಿನ ಕಂಡಕ್ಟರ್
"ಹೆಬ್ಬಾಳ ಹೆಬ್ಬಾಳ ಹೆಬ್ಬಾಳ" ಎಂದು
ತನಗೇ ಗೊತ್ತಿಲ್ಲದೆ ಖಂಡ ನಡೆಯಲ್ಲಿ ಕೂಗಿದ್ದು.
ಎಲ್ಲ ಕೊಚ್ಚಿ ತೋಡಿಯ ಕೆಳಗೆ ಹಾಸಿದೆ.
ಷಡ್ಜವನ್ನು ಬೇಕೆಂದೇ ಬಾವಿಗೆ ಬಿಟ್ಟೆ.
ಲೂಪು ಕತ್ತರಿಸುವಾಗ ಬೆರಳು ತಪ್ಪಿ
ಎಂಟು ಇರಬೇಕಾದಲ್ಲಿ ಏಳೂಕಾಲು ಅಕ್ಷರ.
ಸರಿಮಾಡಲು ಹೋದೆ.
ಮಾಡಲಿಲ್ಲ.

ಈಗ ಮೇಷ್ಟ್ರ ಎಡಗಿವಿಯಲ್ಲೂ ಒಂದು ಯಂತ್ರವಿದೆ.
ಅದು ಎಲ್ಲ ಸ್ವರವನ್ನೂ ತಗಡಿನಲ್ಲಿ ಕರಿದು ಕೊಡುತ್ತದಂತೆ.
ಅದನ್ನು ತೆಗೆದು ಮೇಜಿನ ಮೇಲಿಟ್ಟು,
ಬಲಗಿವಿಯನ್ನು ಸ್ಪೀಕರಿಗೆ ಆನಿಸಿ ಕೂತರು.
"ಏನಮ್ಮಾ ಇದು, ತೋಡಿಯ ಪೋಸ್ಟ್‌ಮಾರ್ಟಮ್ಮಾ?"
ನಾನು ಆರಿಸಲು ಕೈ ಚಾಚಿದೆ.
ಅಷ್ಟರಲ್ಲಿ ಅವರ ಕೈ ಎದ್ದಿತ್ತು.

ಏಟು, ಕಿರುಬೆರಳು, ಉಂಗುರ, ನಡು.
ಎಂಟಕ್ಕೆ ಮೊದಲೇ ಲೂಪು ಹೊರಳಿತು.
ಹುಬ್ಬು ಗಂಟಾಯಿತು, ಕೈ ನಿಲ್ಲಲಿಲ್ಲ.
ಎಡಗೈ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ
ಆವರ್ತ ಎಣಿಸುತ್ತ ಹತ್ತಿತು, ಇಳಿಯಿತು.
ಕಾಫಿಗೆ ಕೆನೆ ಕಟ್ಟಿತು.
ಕಂಡಕ್ಟರ್ ಹೆಬ್ಬಾಳ ತಲುಪಲೇ ಇಲ್ಲ.

ಇಪ್ಪತ್ತೊಂಬತ್ತು ಆವರ್ತ ಮುಗಿದಾಗ,
ಮೂವತ್ತೊಂದು ಸಲ ತಪ್ಪಿಸಿಕೊಂಡ ಲೂಪು
ಬಂದು, ಆ ತೊಡೆಯ ಮೇಲೆ,
ಆ ಏಟಿನ ಅಡಿಯಲ್ಲೇ ಸಿಕ್ಕಿಬಿತ್ತು.
ಸಮ.
ಇದು ನನಗೆ ಗೊತ್ತಿರಲಿಲ್ಲ.

ಮೇಷ್ಟ್ರು ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು
ಕೆನೆಯನ್ನು ಬೆರಳಿಂದ ತೆಗೆದರು.
"ಕಂಡಕ್ಟರ್ ಪರವಾಗಿಲ್ಲ, ಶ್ರುತಿಯಲ್ಲಿದ್ದಾನೆ.
ನಿನ್ನ ರಿಷಭ ಇನ್ನೂ ತಗ್ಗು.
ಅದನ್ನು ಆ ಡಬ್ಬದೊಳಗೆ ಎತ್ತಬೇಡ.
ನಾಳೆ ಐದೂವರೆಗೆ ಬಾ."